ಒಳಜೇಬಿನ ಲಕೋಟೆ

ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಇದ್ದಕ್ಕಿದ್ದಂತೆ "ಬಾ, ಎರಡು ದಿನ ಕಾರ್ಕ್ ಪಟ್ಟಣಕ್ಕೆ ಹೋಗಿ ಬರೋಣ" ಎಂದರೆ ಯಾವ ಹೆಂಗಸಿಗಾದರೂ ಮೊದಲು ಬರುವುದು ಸಂತೋಷವಲ್ಲ, ಅನುಮಾನ. ಡಿಂಪ್ನಾ ಕೈಯಲ್ಲಿದ್ದ ಆಲೂಗಡ್ಡೆಯನ್ನೂ ಚಾಕುವನ್ನೂ ಕೆಳಗಿಟ್ಟು ಮ್ಯಾಲಕಿಯ ಮುಖ ನೋಡಿದಳು. ಅವನು ಹಿಂಬಾಗಿಲಲ್ಲಿ ಕೂತು ಬೂಟು ಬಿಚ್ಚುತ್ತಿದ್ದ.

"ಯಾರು ಸತ್ರು?" ಎಂದಳು.

"ಯಾರಾದ್ರೂ ಸತ್ರೇನೇ ಊರು ಬಿಟ್ಟು ಹೋಗ್ಬೇಕಾ? ಹೋಟೆಲ್ ಬುಕ್ ಮಾಡಿದೀನಿ. ಶುಕ್ರವಾರ ಹೋಗಿ ಭಾನುವಾರ ಬರೋದು."

ಅವಳು ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ರಾಸ್‌ಕಾಮನ್ ಸೀಮೆಯ ಆ ಮೂಲೆಯಲ್ಲಿ ಮ್ಯಾಲಕಿ ಟ್ಯಾನ್ಸಿ ಎಂದರೆ ಸಾವಿನ ಮನೆಗೆ ತಪ್ಪದೆ ಹೋಗುವ ಮನುಷ್ಯ ಎಂದೇ ಹೆಸರು. ದಿನಾ ಬೆಳಿಗ್ಗೆ ಸ್ಥಳೀಯ ರೇಡಿಯೋದಲ್ಲಿ ಸತ್ತವರ ಪಟ್ಟಿ ಓದುವ ಹೊತ್ತಿಗೆ ಅವನ ಮನೆಯಲ್ಲಿ ಚಮಚದ ಸದ್ದೂ ಆಗಕೂಡದು. ವಾರಕ್ಕೆ ಮೂರು ಸಾವಾದರೆ ಮೂರಕ್ಕೂ ಹೋಗುವವನು ಅವನು. ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಕಪ್ಪು ಟೈ ಯಾವಾಗಲೂ ಇರುತ್ತಿತ್ತು. ಅದರ ಪಕ್ಕದಲ್ಲಿ ಪೂಜೆ ಕಾರ್ಡುಗಳ ಒಂದು ಕಟ್ಟು, ಸತ್ತವರ ಹೆಸರಿನಲ್ಲಿ ಪೂಜೆ ಅರ್ಪಿಸುತ್ತೇವೆಂದು ಫಾದರ್ ಸಹಿ ಹಾಕಿಕೊಟ್ಟ ಕಾರ್ಡುಗಳು. ಸಾಲಿನಲ್ಲಿ ನಿಂತು ಸತ್ತವರ ಮನೆಯವರ ಕೈಹಿಡಿದು "ನಿಮಗಾದ ನೋವಿಗೆ ಬೇಜಾರಾಯ್ತು" ಎಂದು ಅವನು ಹೇಳಿದರೆ ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಊರಿನ ಎಲ್ಲರ ನೋವೂ ಅವನಿಗೆ ಗೊತ್ತು. ಹೆಂಡತಿಯ ಮಂಡಿನೋವು ಯಾವ ಕಾಲಿನದು ಎಂದು ಕೇಳಿದರೆ ಮಾತ್ರ ಯೋಚಿಸಿ ಹೇಳಬೇಕಾಗುತ್ತಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಮಾತ್ರ ಆ ಪಟ್ಟಿಯ ಮಧ್ಯದಲ್ಲೇ ರೇಡಿಯೋ ಆರಿಸಿ, ಅರ್ಧ ಮೊಟ್ಟೆ ತಟ್ಟೆಯಲ್ಲೇ ಬಿಟ್ಟು, ಕೊಟ್ಟಿಗೆಗೆ ಹೋಗಿದ್ದ. ಆಗ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಡಿಂಪ್ನಾ ಒಳಗೆ ಬಂದು, ಬ್ಯಾಟರಿ ಮುಗಿದಿರಬೇಕು ಅಂದುಕೊಂಡು ಹೊಸದು ಹಾಕಿದ್ದಳು.

ಅವನ ಕಾರ್ಕಿನ ಮಾತು ಬಂದದ್ದು ಸರಿಯಾಗಿ ಡಿಂಪ್ನಾ ಮನೆ ಬಿಡುವ ಯೋಚನೆಯಲ್ಲಿದ್ದ ವಾರ. ಡಿಂಪ್ನಾಳ ಅಕ್ಕ ಅಟ್ರಾಕ್ಟಾ ಸ್ಲೈಗೋದ ಸಮುದ್ರದ ಪಕ್ಕದಲ್ಲಿ ಒಬ್ಬಳೇ ಇದ್ದಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. "ಮೇಲಿನ ಕೋಣೆ ಖಾಲಿ ಇದೆ, ಬಂದ್ಬಿಡು" ಎಂದು ಈಸ್ಟರಿನಿಂದ ಹೇಳುತ್ತಲೇ ಇದ್ದಳು. "ಆ ಮನುಷ್ಯ ನಿನ್ನ ಜೊತೆ ಮಾತಾಡ್ಬೇಕು ಅಂದ್ರೆ ನೀನು ಹೆಣದ ಪೆಟ್ಟಿಗೇಲಿ ಮಲಗಿರ್ಬೇಕು ಕಣೇ. ಅಲ್ಲೀವರೆಗೂ ಕಾಯ್ತೀಯಾ?" ಶಾಲೆಯ ಅಡುಗೆಮನೆಯ ಕೆಲಸದಿಂದ ನಿವೃತ್ತಳಾದ ಮೇಲೆ ಡಿಂಪ್ನಾಗೂ ತಮ್ಮ ಮನೆಯ ಮೌನ ಹಗಲಿಡೀ ಕೇಳತೊಡಗಿತ್ತು. ಮಕ್ಕಳಿಲ್ಲ. ಜಗಳವಾದರೂ ಇದ್ದಿದ್ದರೆ ಬಾಯಿಗೆ ಕೆಲಸವಿರುತ್ತಿತ್ತು. ಅವಳು ಹೂಂ ಎನ್ನುವುದರಲ್ಲಿದ್ದಳು. ಅಟ್ರಾಕ್ಟಾ ಸೋಮವಾರದವರೆಗೆ ಗಡುವು ಕೊಟ್ಟಿದ್ದಳು. ಆಮೇಲೆ ಆ ಕೋಣೆ ಬಾಡಿಗೆ ಕೇಳಿದ್ದ ಶಾಲಾ ಟೀಚರಿಗೆ.

"ಕಾರ್ಕಿಗಾ? ಅವನಾಗಿ ಕರೆದ್ನಾ?" ಅಟ್ರಾಕ್ಟಾ ಫೋನಿನಲ್ಲಿ ನಕ್ಕಳು. "ಮೊದ್ಲು ಡಾಕ್ಟರಿಗೆ ತೋರ್ಸು. ತಲೇಲಿ ಏನೋ ಆಗಿದೆ ಅವನಿಗೆ."

"ಶನಿವಾರ ನಮ್ಮ ಮದುವೆ ಆದ ದಿನ," ಎಂದಳು ಡಿಂಪ್ನಾ.

ಅತ್ತ ಕಡೆ ನಗು ನಿಂತಿತು. "ಹಾಗಾದ್ರೆ ಹೋಗ್ಬಾ," ಎಂದಳು ಅಟ್ರಾಕ್ಟಾ.

ಆ ಮದುವೆಯಲ್ಲೂ ಅವಳು ಎರಡನೆಯವಳೇ ಆಗಿದ್ದಳು. ಮ್ಯಾಲಕಿಗೆ ಮೊದಲು ಪಕ್ಕದೂರಿನ ಗೊರೆಟ್ಟಿ ಬೀರ್ನ್ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಅವಳು ನರ್ಸಾಗಿ ಲಂಡನ್ನಿಗೆ ಹೋದವಳು ತಿರುಗಿ ಬರಲಿಲ್ಲ. ಎರಡು ವರ್ಷ ಕಾದು ಅವನು ಡಿಂಪ್ನಾಳನ್ನು ಮದುವೆಯಾದ. ಮದುವೆಯ ಊಟದಲ್ಲೇ ಅವನ ಚಿಕ್ಕಮ್ಮ ಒಬ್ಬಳು "ಪಾಪ, ಇವಳೂ ಒಳ್ಳೆ ಹುಡುಗೀನೇ" ಎಂದಿದ್ದಳು. ಆ 'ಪಾಪ' ಡಿಂಪ್ನಾಳ ಕಿವಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಹಾಗೇ ಇತ್ತು. ಗೊರೆಟ್ಟಿಯ ವಿಷಯ ಅವನನ್ನು ಒಮ್ಮೆ ಕೇಳಿಯೂ ಇದ್ದಳು. "ಹಳೇ ಕಥೆ, ಬಿಡು" ಎಂದಿದ್ದ. ಬಿಟ್ಟಿದ್ದಳು, ಅಂದರೆ ಕೇಳುವುದನ್ನು ಬಿಟ್ಟಿದ್ದಳು.

ಶುಕ್ರವಾರ ನಾಲ್ಕು ಗಂಟೆಯ ಪ್ರಯಾಣದಲ್ಲಿ ಅವನು ಹನ್ನೊಂದು ಮಾತಾಡಿದ. ಡಿಂಪ್ನಾ ಎಣಿಸಿದ್ದಳು. ಅದರಲ್ಲಿ ನಾಲ್ಕು ಲಾರಿಗಳಿಗೆ ಬೈದದ್ದು. ಆದರೂ ಅವಳಿಗೆ ಖುಷಿಯಿತ್ತು. ಲೀ ನದಿಯ ಪಕ್ಕದ ಹೋಟೆಲಿನ ಕೋಣೆ ಚೊಕ್ಕಟವಾಗಿತ್ತು. ಅವನು ಮುಖ ತೊಳೆಯಲು ಹೋದಾಗ ಅವಳು ಅವನ ಒಳ್ಳೆಯ ಕೋಟನ್ನು ಬೀರುವಿನಲ್ಲಿ ತೂಗುಹಾಕಿದಳು. ಎದೆಯ ಬಳಿ ಏನೋ ಗಟ್ಟಿಯಾಗಿ ತಗುಲಿತು. ಒಳಜೇಬಿನಲ್ಲಿ ಒಂದು ಬಿಳಿ ಲಕೋಟೆಯಿತ್ತು. ಅಂಟಿಸಿದ ಲಕೋಟೆ, ಒಳಗೆ ದಪ್ಪ ಕಾರ್ಡು, ಮೇಲೆ ಏನೂ ಬರೆದಿರಲಿಲ್ಲ.

ಡಿಂಪ್ನಾ ಮಂಚದ ತುದಿಯಲ್ಲಿ ಕೂತಳು. ಅವನು ಇವತ್ತಿನವರೆಗೂ ಅವಳಿಗೆ ಒಂದು ಕಾರ್ಡು ಕೊಟ್ಟವನಲ್ಲ. ಹುಟ್ಟುಹಬ್ಬಕ್ಕೂ ಇಲ್ಲ, ಕ್ರಿಸ್ಮಸ್ಸಿಗೂ ಇಲ್ಲ. ಅದು ಸಾವಿನ ಕಾರ್ಡಾಗಿರಬಹುದು ಎಂಬ ಯೋಚನೆ ಅವಳಿಗೆ ಬರದೆ ಇರಲಿಲ್ಲ. ಆ ಅಳತೆಯ ಲಕೋಟೆಗಳನ್ನು ಅವಳು ಜೀವಮಾನದಲ್ಲಿ ನೂರಾರು ನೋಡಿದ್ದಳು. ಆದರೆ ಸಾವಿನ ಕಾರ್ಡುಗಳು ಇರುವುದು ಕಾರಿನ ಡಬ್ಬಿಯಲ್ಲಿ, ಟೈ ಪಕ್ಕದಲ್ಲಿ. ಇದು ಇದ್ದದ್ದು ಎದೆಯ ಮೇಲೆ. ಎದೆಯ ಮೇಲೆ ಇಟ್ಟುಕೊಂಡದ್ದು ತನಗಲ್ಲದೆ ಇನ್ಯಾರಿಗೆ? ಅವಳು ಲಕೋಟೆಯನ್ನು ಇದ್ದ ಹಾಗೇ ಇಟ್ಟು, ಕೋಟಿನ ಭುಜದ ಮೇಲಿದ್ದ ಧೂಳನ್ನು ಎರಡು ಸಲ ಒರೆಸಿದಳು.

ಶನಿವಾರ ಬೆಳಿಗ್ಗೆ ಇಂಗ್ಲಿಷ್ ಮಾರ್ಕೆಟ್ಟಿಗೆ ಹೋದರು. ಮೀನಿನ ಸಾಲು, ಕೆಡದಿರಲೆಂದು ಬೆಣ್ಣೆ ಸವರಿದ ಮೊಟ್ಟೆಗಳ ಬುಟ್ಟಿಗಳು, ಕರುಳಿನಲ್ಲಿ ಕುರಿಯ ರಕ್ತ ತುಂಬಿ ಬೇಯಿಸಿದ ಡ್ರಿಶೀನ್. ಮ್ಯಾಲಕಿ ಅದನ್ನು ಬೆರಳಿನಿಂದ ತೋರಿಸಿ, ಇದನ್ನು ತಿನ್ನುವುದು ಹೇಗೆ ಎಂದು ಅಂಗಡಿಯವಳನ್ನು ಕೇಳಿದ. ದಪ್ಪ ತೋಳಿನ ಹೆಂಗಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಾಯಿಂದ ತಿನ್ನೋದು ಕಣಪ್ಪ. ನಿಮ್ಮ ಕಡೆ ಹೇಗೋ ಗೊತ್ತಿಲ್ಲ." ಆಮೇಲೆ ಡಿಂಪ್ನಾಳತ್ತ ತಿರುಗಿ, "ಏನಮ್ಮ, ಹನಿಮೂನಾ?" ಎಂದಳು.

"ಮೂವತ್ತನಾಲ್ಕು ವರ್ಷ ಆಯ್ತು ಇವತ್ತಿಗೆ."

"ಅಯ್ಯೋ ದೇವ್ರೇ! ಒಬ್ನೇ ಗಂಡನ ಜೊತೇನಾ? ಹಾಗಾದ್ರೆ ಎರಡು ತುಂಡು ತಗೋ. ರಕ್ತ ಬೇಕಾಗುತ್ತೆ ನಿನಗೆ."

ಡಿಂಪ್ನಾ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ಗಂಡನನ್ನು ನೋಡಿದಳು. ಅವನು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿ ಏಡಿಗಳನ್ನು ನೋಡುತ್ತಿದ್ದ. 'ಇವತ್ತಿಗೆ' ಎಂದದ್ದು ಅವನ ಕಿವಿಗೆ ಬಿದ್ದಿರಲಾರದು. ಬಿದ್ದರೂ ಬೀಳದವನ ಹಾಗೆ ನಟಿಸುತ್ತಿದ್ದಾನೆ, ರಾತ್ರಿ ಊಟಕ್ಕೆ ಕೂತಾಗ ಕೊಡುತ್ತಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಸೆಗೆ ಬಿದ್ದ ಮನಸ್ಸು ಎಂಥ ವಕೀಲಿಕೆಯನ್ನಾದರೂ ಮಾಡುತ್ತದೆ.

ಮಧ್ಯಾಹ್ನ ಶ್ಯಾಂಡನ್ ಗೋಪುರ. ಅದರ ನಾಲ್ಕೂ ಕಡೆ ಗಡಿಯಾರ, ನಾಲ್ಕೂ ಒಂದೊಂದು ಹೊತ್ತು ತೋರಿಸುತ್ತವೆಂದು ಊರಿನವರೇ ಅದಕ್ಕೆ ನಾಲ್ಕು ಮುಖದ ಸುಳ್ಳುಗಾರ ಎಂದು ಹೆಸರಿಟ್ಟಿದ್ದಾರೆ. "ಪುಣ್ಯ, ಸುಳ್ಳನ್ನ ಎದುರಿಗಾದ್ರೂ ಹೇಳುತ್ತಲ್ಲ" ಎಂದಳು ಡಿಂಪ್ನಾ. ಮ್ಯಾಲಕಿಯ ತುಟಿ ಅಲುಗಿತು, ಅಷ್ಟೇ. ಅಲ್ಲಿ ಬಂದವರು ತಾವೇ ಹಗ್ಗ ಎಳೆದು ಗಂಟೆ ಬಾರಿಸಬಹುದು. ಪ್ರತಿ ಹಗ್ಗಕ್ಕೂ ಒಂದು ನಂಬರು. ಪಕ್ಕದಲ್ಲಿ ರಟ್ಟಿನ ಮೇಲೆ ಯಾವ ಹಾಡಿಗೆ ಯಾವ ನಂಬರು ಎಂದು ಬರೆದಿರುತ್ತದೆ. ಬಾರಿಸಿದ್ದು ಊರಿಗೆಲ್ಲ ಕೇಳುತ್ತದೆ. ಡಿಂಪ್ನಾಳ ಮಂಡಿ ಮೊದಲ ಅಂತಸ್ತಿಗೇ ಸಾಕೆಂದಿತು. "ನೀನು ಮೇಲೆ ಹೋಗಿ ನೋಡ್ಬಾ. ನಾನು ಇಲ್ಲಿಂದ ನಿನಗೊಂದು ಹಾಡು ಬಾರಿಸ್ತೀನಿ" ಎಂದಳು.

ಅವನು ಕಿರಿದಾದ ಮೆಟ್ಟಿಲು ಹತ್ತಿ ಹೋದ. ಅವಳು ರಟ್ಟುಗಳನ್ನೆಲ್ಲ ಹುಡುಕಿ, ಅವರ ಮದುವೆಯಲ್ಲಿ ನುಡಿಸಿದ್ದ ವಾಲ್ಟ್ಸ್ ಒಂದನ್ನು ಆರಿಸಿದಳು. ಅವನಿಗೆ ಕಾಲು ತಪ್ಪಿ, ಇವಳ ಉಡುಪಿನ ಅಂಚು ಹರಿದ ಕುಣಿತ ಅದು. ಕನ್ನಡಕ ಮೂಗಿಗೇರಿಸಿಕೊಂಡು, ನಂಬರು ನೋಡಿ ನೋಡಿ, ಒಂದೊಂದೇ ಹಗ್ಗ ಎಳೆದಳು. ಎರಡು ಕಡೆ ತಪ್ಪಿತು, ಮತ್ತೆ ಮೊದಲಿನಿಂದ ಶುರುಮಾಡಿದಳು. ಭುಜ ನೋಯಿತು. ತನ್ನ ಮದುವೆಯ ಹಾಡನ್ನು ಕಾರ್ಕಿನ ಇಡೀ ಪಟ್ಟಣ ಕೇಳುತ್ತಿದೆ ಎಂದುಕೊಂಡಾಗ ಅವಳ ಮುಖ ಹದಿನೆಂಟರ ಹುಡುಗಿಯಂತೆ ಕೆಂಪಾಯಿತು.

ಅವನು ಇಳಿದು ಬಂದಾಗ ಕಿವಿಯ ಮೇಲೆ ಹಳದಿ ಬಣ್ಣದ ದಪ್ಪ ಮುಚ್ಚಳಗಳಿದ್ದವು. ಗಂಟೆಯ ಸದ್ದಿಗೆ ಕಿವಿ ಹೋಗದಿರಲೆಂದು ಮೇಲೆ ಹೋಗುವವರಿಗೆಲ್ಲ ಕೊಡುವಂಥದ್ದು.

"ಗೊತ್ತಾಯ್ತಾ ಯಾವುದು ಅಂತ?" ಎಂದಳು.

ಅವನು ಮುಚ್ಚಳ ತೆಗೆದ. "ಏನಂದೆ?"

"ಹಾಡು."

"ಗುಂಯ್ ಅಂತಿತ್ತು, ಅಷ್ಟೇ. ಅಲ್ಲಿ, ಆ ಕಡೆ ದಿಬ್ಬದ ಮೇಲೆ ಒಂದು ಚರ್ಚ್ ಕಾಣ್ಸುತ್ತೆ. ನಾಳೆ ಪೂಜೆಗೆ ಅಲ್ಲಿಗೇ ಹೋಗೋಣ. ಹನ್ನೊಂದಕ್ಕೆ."

"ಹೋಟೆಲ್ ಪಕ್ಕದಲ್ಲೇ ಇದೆಯಲ್ಲ ಒಂದು?"

"ಅಲ್ಲಿ ಹಾಡೋರು ಚೆನ್ನಾಗಿ ಹಾಡ್ತಾರಂತೆ" ಎಂದ.

ಸಂಜೆ ಅವಳು ಹಸಿರು ಉಡುಪು ಹಾಕಿಕೊಂಡಳು. ಜೂನ್ ತಿಂಗಳ ಬೆಳಕು ಇನ್ನೂ ನದಿಯ ಮೇಲಿತ್ತು. ಅವಳಿಗೆ ಕುರಿಮರಿಯ ಮಾಂಸ, ಅವನಿಗೆ ಮೀನು. ಅವನು ಬೀಮಿಶ್ ಎಂಬ ಕಪ್ಪು ಬಿಯರ್ ಕುಡಿದ, ಅವಳು ಕೆಂಪು ವೈನು. ಮೆನು ಬಂದಾಗ ಅವನ ಕೈ ಕೋಟಿನ ಒಳಗೆ ಹೋಯಿತು. ಡಿಂಪ್ನಾ ತನಗೇನೂ ಗೊತ್ತಿಲ್ಲವೆಂಬಂತೆ ಕಿಟಕಿಯ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಹಾಕಿಕೊಂಡ. ಪುಡಿಂಗ್ ಬಂದಾಗ ಕೈ ಮತ್ತೊಮ್ಮೆ ಒಳಗೆ ಹೋಯಿತು. ಕನ್ನಡಕ ವಾಪಸ್ ಇಟ್ಟ. ಮಧ್ಯೆ ಯಾವಾಗಲೋ ಜೇಬನ್ನು ಹೊರಗಿನಿಂದಲೇ ಒತ್ತಿ ನೋಡಿಕೊಂಡದ್ದನ್ನೂ ಅವಳು ಕಂಡಳು. ಹೆದರುತ್ತಿದ್ದಾನೆ ಮುದುಕ ಎಂದು ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಮೂರನೆಯ ಗ್ಲಾಸಿನ ಕೊನೆಗೆ ಅವನು ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಒರಟು, ಬೆಚ್ಚಗಿನ ಕೈ. ಹಾಗೆ ಇಟ್ಟು ಎಷ್ಟು ವರ್ಷವಾಗಿತ್ತೋ ಅವಳಿಗೆ ನೆನಪಿರಲಿಲ್ಲ.

"ನೀನು ಜೊತೆಗೆ ಬಂದಿದ್ದು ಒಳ್ಳೇದಾಯ್ತು, ಡಿಂಪ್ನಾ. ಒಬ್ನೇ ಆಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಮೂವತ್ತನಾಲ್ಕು ವರ್ಷದಲ್ಲಿ ಅವನು ಆಡಿದ ದೊಡ್ಡ ಮಾತು ಅದು. ಹಾಗಾದರೆ ಈ ಮೌನವೆಲ್ಲ ಬರೀ ಸಂಕೋಚವಾಗಿತ್ತು. ಒಳಗೆ ಇದ್ದೇ ಇತ್ತು. ಅವಳು ಎದ್ದು ಬಚ್ಚಲುಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಅಲ್ಲೇ ನಿಂತು ಅಟ್ರಾಕ್ಟಾಗೆ ಮೆಸೇಜ್ ಮಾಡಿದಳು: "ಕೋಣೆ ಟೀಚರಿಗೆ ಕೊಟ್ಟುಬಿಡು. ನಾನು ಇವನ ಜೊತೆಗೇ ಇರುತ್ತೇನೆ." ಮೇಜಿಗೆ ವಾಪಸ್ ಬರುವಷ್ಟರಲ್ಲಿ ಉತ್ತರ ಬಂದಿತ್ತು. "ಸರಿ. ಈಗಲೇ ಅವಳಿಗೆ ಹೇಳ್ತೀನಿ. ಖುಷಿಯಾಗಿರು."

ಭಾನುವಾರ ಬೆಳಿಗ್ಗೆ ಅವನು ಎರಡು ಸಲ ಗಡ್ಡ ಹೆರೆದುಕೊಂಡ. ಕಾರಿನಲ್ಲಿ ದಿಬ್ಬ ಹತ್ತಿ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದರು. ಇಳಿಯುವ ಮುಂಚೆ ಅವನು ಡಬ್ಬಿ ತೆಗೆದು ಕಪ್ಪು ಟೈ ಕಟ್ಟಿಕೊಂಡ.

"ಅದ್ಯಾಕೆ?"

"ನೀಲಿ ಟೈ ಮೇಲೆ ನಿನ್ನೆ ಸಾರು ಬಿತ್ತು."

ನಿಜ, ಬಿದ್ದಿತ್ತು. ಚರ್ಚಿನ ಬಾಗಿಲಲ್ಲಿ ಅವನು "ನೀನು ಹೋಗಿ ಜಾಗ ಹಿಡಿ, ನಾನೊಂದು ಮೇಣದಬತ್ತಿ ಹಚ್ಚಿ ಬರ್ತೀನಿ" ಎಂದ. ಅವಳು ನಡುವಿನ ಸಾಲಿನಲ್ಲಿ ಕೂತು ತಿರುಗಿ ನೋಡಿದಳು. ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಮೇಜು, ಅದರ ಮೇಲೆ ನಗುತ್ತಿರುವ ಬಿಳಿಗೂದಲ ಹೆಂಗಸಿನ ಪಟ, ಪಟದ ಮುಂದೆ ಕಾರ್ಡು ಹಾಕಲು ಒಂದು ಬೆತ್ತದ ಬುಟ್ಟಿ. ಮ್ಯಾಲಕಿ ಒಳಜೇಬಿಗೆ ಕೈ ಹಾಕಿದ. ಬಿಳಿ ಲಕೋಟೆಯನ್ನು ತೆಗೆದ. ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತ. ಆಮೇಲೆ ಅದನ್ನು ಬುಟ್ಟಿಯಲ್ಲಿ ಹಾಕಿದ, ಹಾಕಿದ್ದನ್ನು ಬೆರಳಿನಿಂದ ಸರಿಮಾಡಿದ.

ಅವನು ಬಂದು ಪಕ್ಕದಲ್ಲಿ ಕೂತ. ಡಿಂಪ್ನಾ ಮುಂದೆ ನೋಡುತ್ತ ಕೂತಿದ್ದಳು. ಯಾರೋ ಗುರುತಿನವರಿರಬೇಕು, ಹೇಳಲು ಮರೆತಿರಬೇಕು ಎಂದು ಅವಳ ಮನಸ್ಸು ಇನ್ನೂ ವಕೀಲಿಕೆ ಮಾಡುತ್ತಲೇ ಇತ್ತು. ಫಾದರ್ ಪೀಠದ ಹಿಂದಿನಿಂದ ಬಂದು ಕಾಗದ ಬಿಡಿಸಿ ಓದಿದರು: "ಇಂದಿನ ಪೂಜೆ ಗೊರೆಟ್ಟಿ ಓ'ಡ್ರಿಸ್ಕಲ್ ಅವರ ತಿಂಗಳ ಪೂಜೆ, ಅವರು ತೀರಿಕೊಂಡು ತಿಂಗಳಾಯಿತು. ತವರಿನ ಹೆಸರು ಬೀರ್ನ್. ರಾಸ್‌ಕಾಮನ್ ಜಿಲ್ಲೆಯವರು, ಲಂಡನ್ನಿನಿಂದ ಬಂದು ಮೂವತ್ತು ವರ್ಷ ನಮ್ಮ ಊರಿನಲ್ಲಿ ನರ್ಸಾಗಿದ್ದವರು."

ತಿಂಗಳ ಪೂಜೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ರೇಡಿಯೋದಲ್ಲಿ ಸಾವಿನ ಸುದ್ದಿಯ ಜೊತೆಯಲ್ಲೇ ಹೇಳುತ್ತಾರೆ. ಅದು ಯಾರಿಗೆ ಗೊತ್ತಿಲ್ಲ? ಹೋಟೆಲು, ಮಾರ್ಕೆಟ್ಟು, ಕುರಿಮರಿಯ ಮಾಂಸ, ಮೇಜಿನ ಮೇಲೆ ಇಟ್ಟ ಕೈ, ಎಲ್ಲವೂ ಈ ಹನ್ನೊಂದು ಗಂಟೆಯ ಸುತ್ತ ಕಟ್ಟಿದ ಬೇಲಿ ಎಂದು ಡಿಂಪ್ನಾಗೆ ತಿಳಿಯಿತು. ಮದುವೆಯ ದಿನವೂ ಅದರ ಪಕ್ಕಕ್ಕೆ ಬಂದದ್ದು ಅಕಸ್ಮಾತ್ತು. ಅದು ಅವನಿಗೆ ನೆನಪೇ ಇರಲಿಲ್ಲ. ಅವಳು ಪಕ್ಕಕ್ಕೆ ತಿರುಗಿದಳು. ಅಮ್ಮನ ಪೆಟ್ಟಿಗೆಯನ್ನು ಮಣ್ಣಿಗಿಳಿಸುವಾಗಲೂ ಅಳದ ಮ್ಯಾಲಕಿ, ಬಾಯಿ ತೆರೆದುಕೊಂಡು, ಸದ್ದಿಲ್ಲದೆ ಅಳುತ್ತಿದ್ದ. ಕಪ್ಪು ಟೈ ಒದ್ದೆಯಾಗಿತ್ತು.

ಪ್ರಸಾದಕ್ಕೆ ಜನ ಎದ್ದಾಗ ಅವಳು ಮುಂದೆ ಹೋಗದೆ ಹೊರಗೆ ಬಂದಳು. ಚರ್ಚಿನ ಮುಖಮಂಟಪದಲ್ಲಿ ನಿಂತು ಅಟ್ರಾಕ್ಟಾಗೆ ಫೋನ್ ಮಾಡಿದಳು.

"ಕೋಣೆ ಇನ್ನೂ ಇದೆಯಾ?"

"ರಾತ್ರೀನೇ ಹೂಂ ಅಂದ್ಲಲ್ಲೇ ಟೀಚರ್. ಬೆಳಿಗ್ಗೆ ಪರದೆ ಅಳತೆ ತಗೊಂಡು ಹೋದ್ಳು. ಯಾಕೆ? ಏನಾಯ್ತು?"

"ಗೊರೆಟ್ಟಿ ಬೀರ್ನ್‌ದು ತಿಂಗಳ ಪೂಜೆ. ಅದಕ್ಕೇ ನನ್ನ ಕರ್ಕೊಂಡು ಬಂದಿದ್ದು."

"ಸತ್ತಿದ್ದು ಗೊತ್ತಿತ್ತು ನನಗೆ," ಎಂದಳು ಅಟ್ರಾಕ್ಟಾ. "ರೇಡಿಯೋದಲ್ಲಿ ಕೇಳಿದ್ದೆ. ಯಾವೂರಲ್ಲಿ ಅಂತ ಗಮನ ಇಡ್ಲಿಲ್ಲ. ನಿನಗೆ ಹೇಳಿ ಏನು ಅಂತ ಬಿಟ್ಟೆ."

"ಎಲ್ರಿಗೂ ಗೊತ್ತಿತ್ತು ಅನ್ನು."

"ಡಿಂಪ್ನಾ, ಕೋಣೆ ಹೋಯ್ತು ಕಣೇ."

"ನಿನ್ನ ಸೋಫಾ ಇದೆಯಾ, ಅದೂ ಕೊಟ್ಬಿಟ್ಯಾ?"

"ಅದರ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತೆ."

"ಚುಚ್ಚಲಿ," ಎಂದು ಡಿಂಪ್ನಾ ಫೋನ್ ಇಟ್ಟಳು.

ಪೂಜೆ ಮುಗಿದಿತ್ತು. ಪಟದ ಮೇಜಿನ ಪಕ್ಕದಲ್ಲಿ ಸತ್ತವಳ ಮನೆಯವರು ಸಾಲಾಗಿ ನಿಂತಿದ್ದರು: ಗಂಡ, ಮಗ, ಮಗಳು. ಜನ ಒಬ್ಬೊಬ್ಬರಾಗಿ ಬಂದು ಕೈಕುಲುಕುತ್ತಿದ್ದರು. ಮ್ಯಾಲಕಿಯ ಸರದಿ ಬಂದಿತ್ತು. ಮಗಳು ಅವನ ಕೈ ಹಿಡಿದು ಅವನ ಒದ್ದೆ ಮುಖವನ್ನು ಗೊಂದಲದಿಂದ ನೋಡಿದಳು.

"ರಾಸ್‌ಕಾಮನ್‌ನಿಂದಾನಾ? ಅಷ್ಟು ದೂರದಿಂದ! ಅಮ್ಮನಿಗೆ ಹೇಗೆ ಗೊತ್ತು ನೀವು?"

"ಟ್ಯಾನ್ಸಿ. ಮ್ಯಾಲಕಿ ಟ್ಯಾನ್ಸಿ," ಎಂದ ಅವನು. ಆ ಹೆಸರಿಗೆ ಏನಾದರೂ ಆಗಬಹುದೆಂದು ಕಾದ.

ಮಗಳು ಅಣ್ಣನ ಮುಖ ನೋಡಿದಳು, ಅಣ್ಣ ಅಪ್ಪನ ಮುಖ ನೋಡಿದ. ಯಾರಿಗೂ ಏನೂ ಹೊಳೆಯಲಿಲ್ಲ. "ಅಮ್ಮ ಊರಿನ ವಿಷಯ ಅಷ್ಟಾಗಿ ಮಾತಾಡ್ತಿರ್ಲಿಲ್ಲ," ಎಂದಳು ಮಗಳು, ಮರ್ಯಾದೆಗೆ. "ಬಂದಿದ್ದು ತುಂಬಾ ಒಳ್ಳೇದಾಯ್ತು ಮಿಸ್ಟರ್ ಟ್ಯಾನರ್."

ಅವನು ಅವಳ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಅಲ್ಲೇ ನಿಂತುಬಿಟ್ಟ. ಬಾಗಿಲ ಕಡೆ ಹೋಗುವ ಶಕ್ತಿಯೂ ಇರಲಿಲ್ಲವೇನೋ. ನೋಡಿದವರಿಗೆ ಅವನೂ ಮನೆಯವನೇ, ಸಾಲಿನ ಕೊನೆಯವನು. ಯಾರೋ ಮುದುಕಿಯೊಬ್ಬಳು ಅವನ ಕೈಯನ್ನೂ ಹಿಡಿದು ಅಲುಗಿಸಿ ಹೋದಳು.

ಡಿಂಪ್ನಾ ಕೈಚೀಲದಲ್ಲಿ ಕಾರಿನ ತನ್ನ ಕೀಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಸಾಲಿಗೆ ಸೇರಿದಳು. ಗೊರೆಟ್ಟಿಯ ಗಂಡನ ಕೈ ಹಿಡಿದು ಹೇಳಿದಳು, "ನಿಮಗಾದ ನೋವಿಗೆ ಬೇಜಾರಾಯ್ತು." ಮಗನ ಕೈ ಹಿಡಿದು ಹೇಳಿದಳು, ಮಗಳ ಕೈ ಹಿಡಿದು ಹೇಳಿದಳು. ಆ ಹುಡುಗಿಯ ಮೇಲೆ ಅವಳಿಗೆ ಕೋಪವಿರಲಿಲ್ಲ; ಅಮ್ಮನನ್ನು ಕಳೆದುಕೊಂಡ ಮುಖ, ಅಷ್ಟೇ. ಆಮೇಲೆ ಸಾಲಿನ ಕೊನೆಗೆ ಬಂದಳು.

ಮ್ಯಾಲಕಿ ತಲೆ ಬಗ್ಗಿಸಿ ನಿಂತಿದ್ದ. ಅವಳು ಅವನ ಬಲಗೈಯನ್ನು ತೆಗೆದುಕೊಂಡು, ಅವನೇ ಇಡೀ ಊರಿಗೆ ಮಾಡಿ ತೋರಿಸಿದ ಹಾಗೆ, ಗಟ್ಟಿಯಾಗಿ ಒಮ್ಮೆ ಅಲುಗಿಸಿದಳು.

"ನಿನಗಾದ ನೋವಿಗೆ ಬೇಜಾರಾಯ್ತು, ಮ್ಯಾಲಕಿ."

ಅವನು ತಲೆಯೆತ್ತಲಿಲ್ಲ. ಯಾರ ಕೈ ಎಂದೂ ನೋಡಲಿಲ್ಲ.

"ಬಂದಿದ್ದಕ್ಕೆ ಥ್ಯಾಂಕ್ಸ್," ಎಂದ.

ಸಾಲಿನಲ್ಲಿ ಹಿಂದಿನವರು ಕಾಯುತ್ತಿದ್ದರು. ಡಿಂಪ್ನಾ ಕೈ ಬಿಟ್ಟು, ಜಾಗ ಮಾಡಿಕೊಟ್ಟು, ಕಾರಿನ ಕಡೆ ನಡೆದಳು.